ಮಳೆಗಾಲ ಕಳೆದ ಮೇಲೆ ಹೊಲಿಗೆ ಮಿಷನ್ ಬಿಚ್ಚಿ ಕೂತಾಗ

ಆರಿದ್ರಾ ಮಳೆ ಹಿಡಿದಾಗ ಮುಚ್ಚಿಟ್ಟಿದ್ದ ಹೊಲಿಗೆ ಮಿಷನ್ನನ್ನು ನವರಾತ್ರಿ ಕಳೆದ ಮೇಲೆ ತೆರೆದರೆ ಚಕ್ರ ಜಪ್ಪಯ್ಯ ಅಂದರೂ ತಿರುಗಲಿಲ್ಲ. ತೀರ್ಥಹಳ್ಳಿ, ಹೊಸನಗರದ ಕಡೆ ಇದು ಮನೆಮನೆಯ ಪಾಡು. ಗೋಡೆಯೇ ಬೆವರುವ ನಾಲ್ಕು ತಿಂಗಳಲ್ಲಿ ಓಡದೆ ಕೂತ ಕಬ್ಬಿಣ ಹಿಡಿದುಕೊಳ್ಳದೆ ಇರುವುದಿಲ್ಲ. ನಮ್ಮದು ಕಾಲಲ್ಲಿ ತುಳಿಯುವ, ನೇರ ಹೊಲಿಗೆ ಮಾತ್ರ ಹಾಕುವ ಕಪ್ಪು ಮಿಷನ್. ಉಷಾ, ಸಿಂಗರ್, ಮೆರಿಟ್ ಹೀಗೆ ಹಣೆ ಮೇಲೆ ಯಾವ ಹೆಸರಿದ್ದರೂ ಈ ಜಾತಿಯ ಮಿಷನ್ನಿನ ಹೊಟ್ಟೆಯೊಳಗಿನ ಏರ್ಪಾಡು ಹೆಚ್ಚುಕಡಿಮೆ ಒಂದೇ. ಅದನ್ನು ಮತ್ತೆ ಓಡುವ ಹಾಗೆ ಮಾಡಲು ಮೂರು ಮಧ್ಯಾಹ್ನ ಹಿಡಿಯಿತು. ಮಾಡಿದ ಕೆಲಸವನ್ನು ಮಾಡಿದ ಕ್ರಮದಲ್ಲೇ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಕ್ರಮವೇ ಮುಖ್ಯ. ಮೊದಲೇ ಸ್ಕ್ರೂಡ್ರೈವರ್ ಹಿಡಿದು ಟೆನ್ಷನ್ (ದಾರದ ಬಿಗಿತ) ತಿರುಗಿಸಲು ಹೊರಟರೆ ಇದ್ದ ತೊಂದರೆಯ ಜೊತೆ ಇಲ್ಲದ ತೊಂದರೆಯೂ ಸೇರಿಕೊಳ್ಳುತ್ತದೆ.

ಚಕ್ರ ಬಿಗಿಯಾಗಿದ್ದರೆ ಬಲ ಹಾಕಿ ತಿರುಗಿಸಬಾರದು. ಎಲ್ಲಿ ಹಿಡಿದಿದೆ ಅಂತ ಮೊದಲು ಪತ್ತೆ ಮಾಡಬೇಕು. ಬೆಲ್ಟ್ ಇಳಿಸಿದೆ. ಸೂಜಿ, ದಾರ, ಬಾಬಿನ್ (ಕೆಳಗಿನ ದಾರದ ಸುರುಳಿ) ಕೂರುವ ಕೇಸ್ ಮೂರನ್ನೂ ತೆಗೆದಿಟ್ಟೆ. ಕೈಚಕ್ರದ ನಡುವೆ ಚಿಕ್ಕದೊಂದು ತಿರುಗಣೆ ಇರುತ್ತದೆ, ಬಾಬಿನ್ ಸುತ್ತುವಾಗ ಸಡಿಲ ಮಾಡುತ್ತೇವಲ್ಲ, ಅದು. ಅದನ್ನು ಸಡಿಲಿಸಿದಾಗ ಚಕ್ರವೊಂದೇ ಸಲೀಸಾಗಿ ತಿರುಗಿತು. ಅಂದರೆ ಚಕ್ರದ ತಪ್ಪಲ್ಲ, ಬಿಗಿತ ಒಳಗಿದೆ. ಆಮೇಲೆ ಮಿಷನ್ನಿನ ತಲೆಯನ್ನು ಹಿಂದಕ್ಕೆ ಮಗುಚಿ, ಅಡಿಯಲ್ಲಿ ಎಡತುದಿಗಿರುವ ಶಟಲ್ (ಮೇಲಿನ ದಾರವನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸುವ ಭಾಗ) ಬಿಚ್ಚಿ ನೋಡಿದೆ. ಶಟಲ್ ಹೊರಗೆ ಬಂದ ಮೇಲೆ ಚಕ್ರ ಸಲೀಸಾದರೆ ದಾರ ಸಿಕ್ಕಿಕೊಂಡಿದೆ ಎಂದರ್ಥ. ಆಗಲೂ ಬಿಗಿಯಾಗಿದ್ದರೆ ಎಣ್ಣೆ ಗಟ್ಟಿಯಾಗಿದೆ, ಇಲ್ಲವೇ ತುಕ್ಕು ಹಿಡಿದಿದೆ. ಇಲ್ಲಿ ಎರಡೂ ಇತ್ತು. ಶಟಲ್ ಹಿಂದೆ ಒಂದು ಗೇಣು ಕೆಂಪು ದಾರ ಸುತ್ತಿಕೊಂಡಿತ್ತು. ಅದನ್ನು ತೆಗೆದಾಗ ಚಕ್ರ ಕಾಲು ಸುತ್ತು ಬಂದು ಮತ್ತೆ ನಿಂತಿತು.

ಮುಖದ ತಗಡು ಬಿಚ್ಚಿದಾಗ ಕಾರಣ ಕಣ್ಣಿಗೇ ಬಿತ್ತು. ಸೂಜಿ ಕಂಬದ ಮೇಲೆ ಜೋನಿ ಬೆಲ್ಲ ಮೆತ್ತಿದ ಹಾಗೆ ಕಂದು ಅಂಟು. ಉಗುರಲ್ಲಿ ಕೆರೆದರೆ ಮೇಣದ ಹಾಗೆ ಎದ್ದು ಬರುತ್ತಿತ್ತು. ಯಾವಾಗಲೋ ಮಿಷನ್ ಎಣ್ಣೆ ಮುಗಿದಿದ್ದ ದಿನ ಕೊಬ್ಬರಿ ಎಣ್ಣೆ ಬಿಟ್ಟದ್ದರ ಫಲ ಅದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮಲ್ಲಿ ಮಾಗಿ ಚಳಿಯಲ್ಲಿ ಬಾಟಲಿಯಿಂದ ಎಣ್ಣೆ ಬೀಳದೆ ಬಿಸಿಲಿಗಿಟ್ಟು ಕರಗಿಸಿಕೊಳ್ಳುತ್ತೇವೆ. ಅದೇ ಎಣ್ಣೆ ಮಿಷನ್ನಿನ ಕೀಲುಗಳಲ್ಲೂ ಹಾಗೆಯೇ ಹೆಪ್ಪುಗಟ್ಟುತ್ತದೆ. ಜೊತೆಗೆ ಗಾಳಿಗೆ ಹಳತಾಗಿ, ಬಟ್ಟೆಯ ನುಣುಪು ಧೂಳನ್ನೆಲ್ಲ ಹಿಡಿದುಕೊಂಡು ಅಂಟಾಗುತ್ತದೆ. ಅಡುಗೆಗೆ ಬಳಸುವ ಯಾವ ಎಣ್ಣೆಯೂ ಇಲ್ಲಿ ಸಲ್ಲದು. ನೀರಿನ ಹಾಗೆ ತೆಳ್ಳಗೆ, ಬಣ್ಣವಿಲ್ಲದ ಹೊಲಿಗೆ ಮಿಷನ್ ಎಣ್ಣೆಯೇ ಆಗಬೇಕು. ಚಿಕ್ಕದೊಂದು ಬಾಟಲಿ ಮನೆಬಳಕೆಗೆ ವರ್ಷವಿಡೀ ಸಾಕು.

ಅಂಟು ಬಿಡಿಸಲು ಸೀಮೆಎಣ್ಣೆ ಬೇಕು. ಮಿಷನ್ನಿನ ತೋಳಿನ ಮೇಲಿರುವ ಎಣ್ಣೆ ತೂತುಗಳಿಗೆ, ಸೂಜಿ ಕಂಬಕ್ಕೆ, ದಾರ ಮೇಲೆಳೆಯುವ ಕೊಕ್ಕೆಯ ಕೀಲಿಗೆ, ತಳದ ದಂಡಗಳ ತುದಿಗಳಿಗೆ ನಾಲ್ಕು ನಾಲ್ಕು ಹನಿ ಬಿಟ್ಟೆ. ಒಲೆಯಿಂದ ದೂರ, ಕಿಟಕಿ ತೆರೆದಿಟ್ಟು ಮಾಡಬೇಕಾದ ಕೆಲಸ ಇದು. ಪೆಟ್ರೋಲ್ ಅಂತೂ ಮುಟ್ಟಬಾರದು, ಕಿಡಿ ದೂರದಲ್ಲಿದ್ದರೂ ಅದರ ಆವಿ ಹತ್ತಿಕೊಳ್ಳುತ್ತದೆ. ಸೀಮೆಎಣ್ಣೆ ಒಳಗಿಳಿಯಲು ರಾತ್ರಿಯಿಡೀ ಬಿಟ್ಟೆ. ಮಾರನೇ ದಿನ ಸೀಮೆಎಣ್ಣೆ ವಾಸನೆ ಆರಿದ ಮೇಲೆ ತಲೆಯನ್ನು ಸ್ಟ್ಯಾಂಡಿನಿಂದ ಬಿಡಿಸಿ ಅಂಗಳದಲ್ಲಿ ಎರಡು ಗಂಟೆ ಬಿಸಿಲಿಗಿಟ್ಟೆ. ಹಿಂಬದಿಯ ಎರಡು ಸ್ಕ್ರೂ ಸಡಿಲಿಸಿದರೆ ತಲೆ ಬಿಜಾಗರಿಯಿಂದ ಎತ್ತಲು ಬರುತ್ತದೆ. ತೂಕ ಜಾಸ್ತಿ, ಇಬ್ಬರು ಹಿಡಿಯುವುದು ಒಳ್ಳೆಯದು. ಕಬ್ಬಿಣ ಕೈಗೆ ಬಿಸಿ ತಗಲುವಷ್ಟು ಕಾದಾಗ ಅಂಟು ಮೆತ್ತಗಾಗುತ್ತದೆ. ಆಗ ಚಕ್ರವನ್ನು ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸುತ್ತ ಹೋದರೆ ಕಾಲು ಸುತ್ತು ಅರ್ಧವಾಗುತ್ತದೆ, ಅರ್ಧ ಪೂರ್ತಿಯಾಗುತ್ತದೆ. ಕೀಲುಗಳಿಂದ ಕಪ್ಪು ರಸ ಇಳಿಯಲು ಶುರುವಾಯಿತು. ಹಳೆ ಬನಿಯನ್ ಚೂರಿನಲ್ಲಿ ಒರೆಸಿ, ಮತ್ತೆ ಎರಡು ಹನಿ, ಮತ್ತೆ ಅಲ್ಲಾಡಿಸುವುದು. ಒರೆಸಿದ ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಇದೇ ಕೆಲಸ.

ಇಲ್ಲಿಗೆ ನಿಲ್ಲಿಸಿಬಿಟ್ಟರೆ ಅನಾಹುತ. ಸೀಮೆಎಣ್ಣೆ ಅಂಟಿನ ಜೊತೆ ಇದ್ದಬದ್ದ ಜಿಡ್ಡನ್ನೂ ತೊಳೆದುಬಿಟ್ಟಿರುತ್ತದೆ. ಬೋಳಾದ ಕಬ್ಬಿಣ ಎರಡೇ ದಿನದಲ್ಲಿ ತುಕ್ಕು ಹಿಡಿಯುತ್ತದೆ, ಓಡಿಸಿದರೆ ಸವೆಯುತ್ತದೆ. ಅದೇ ಸಂಜೆ ಮಿಷನ್ ಎಣ್ಣೆ ಬಿಟ್ಟೆ. ಒಂದೊಂದು ಜಾಗಕ್ಕೆ ಒಂದು, ಹೆಚ್ಚೆಂದರೆ ಎರಡು ಹನಿ. ಎಲ್ಲೆಲ್ಲಿ ಅಂತ ತಿಳಿಯಲು ಪುಸ್ತಕ ಬೇಕಿಲ್ಲ. ಚಕ್ರವನ್ನು ನಿಧಾನವಾಗಿ ತಿರುಗಿಸುತ್ತ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಜಾಗ ಎಲ್ಲಿದೆ ಅಂತ ನೋಡುತ್ತ ಹೋದರಾಯಿತು. ಎಣ್ಣೆ ಬಿಡಲೇಬಾರದ ಜಾಗ ಮೂರು: ದಾರ ಹಿಡಿಯುವ ಟೆನ್ಷನ್ ಬಿಲ್ಲೆಗಳು, ಬೆಲ್ಟ್, ಬಾಬಿನ್ ಸುತ್ತುವ ಚಕ್ರದ ರಬ್ಬರ್ ಬಳೆ. ಮೂರೂ ಜಾರಿದರೆ ಕೆಲಸ ಕೆಡುತ್ತದೆ. ಮೋಟರ್ ಕೂರಿಸಿಕೊಂಡವರು ಮೋಟರಿನೊಳಗೂ ಬಿಡಬಾರದು. ಎಣ್ಣೆ ಬಿಟ್ಟ ಮೇಲೆ ದಾರವಿಲ್ಲದೆ, ಬಟ್ಟೆ ಒತ್ತಿ ಹಿಡಿಯುವ ಫುಟ್ ಮೇಲೆತ್ತಿಕೊಂಡೇ ಐದು ನಿಮಿಷ ತುಳಿದೆ. ರಾತ್ರಿ ಫುಟ್ ಕೆಳಗೆ ನಾಲ್ಕು ಮಡಿಕೆ ಹಳೆ ಪಂಚೆ ಇಟ್ಟು ಬಿಟ್ಟೆ, ಹೆಚ್ಚಾದ ಎಣ್ಣೆ ಅದಕ್ಕೆ ಇಳಿಯಲಿ ಅಂತ.

ತುಕ್ಕಿನ ಮಾತು ಚುಟುಕಾಗಿ ಹೇಳಿಬಿಡುತ್ತೇನೆ. ಸೂಜಿ ಇಳಿಯುವ ತಗಡು, ಪಕ್ಕದ ಜಾರುವ ಮುಚ್ಚಳ, ಫುಟ್‌ನ ಅಡಿಭಾಗ ಈ ಮೂರನ್ನು 1000 ನಂಬರಿನ ವಾಟರ್ ಪೇಪರಿನಲ್ಲಿ (ನುಣುಪಾದ ಉಜ್ಜುಕಾಗದ) ಎಣ್ಣೆ ಹಾಕಿ ಉಜ್ಜಿದೆ. ಸೂಜಿ ತೂತಿನ ಅಂಚಿನಲ್ಲಿ ಹಿಂದೆ ಮುರಿದ ಸೂಜಿಗಳು ಮಾಡಿದ ಗೀರು ಇದ್ದೇ ಇರುತ್ತದೆ. ಉಗುರಿಗೆ ತಡೆಯುವ ಗೀರು ದಾರವನ್ನೂ ತಡೆದು ಹರಿಯುತ್ತದೆ. ಪೇಪರನ್ನು ಸುರುಳಿ ಮಾಡಿ ತೂತಿನೊಳಗೆ ತೂರಿಸಿ ತಿರುವಿದರೆ ಅಂಚು ನುಣುಪಾಗುತ್ತದೆ. ಕಪ್ಪು ಬಣ್ಣ, ಚಿನ್ನದ ಬಣ್ಣದ ಬಳ್ಳಿ ಇರುವಲ್ಲಿಗೆ ವಾಟರ್ ಪೇಪರ್ ಒಯ್ಯಬೇಡಿ.

ಆ ತಗಡು ಎರಡು ಸ್ಕ್ರೂ ಬಿಚ್ಚಿದರೆ ಬರುತ್ತದೆ. ಅದರ ಕೆಳಗೆ ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಹಲ್ಲುಗಳು. ಹಲ್ಲಿನ ಸಾಲುಗಳ ನಡುವೆ ನೂಲಿನ ಧೂಳು ಶೀತ ಕುಡಿದು, ಎಣ್ಣೆ ಕುಡಿದು, ಕಂಬಳಿ ತುಂಡಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಹಳೆ ಸೂಜಿಯಲ್ಲಿ ಎಬ್ಬಿಸಿದಾಗ ಒಂದೇ ಪಟ್ಟಿಯಾಗಿ ಎದ್ದು ಬಂತು. "ಬಟ್ಟೆ ಮುಂದಕ್ಕೇ ಹೋಗಲ್ಲ, ಒಂದೇ ಕಡೆ ಹೊಲಿತದೆ" ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ. ಹಲ್ಲು ತಗಡಿನ ಮೇಲೆ ಏಳಲು ಧೂಳು ಬಿಡುವುದಿಲ್ಲ. ಚೊಕ್ಕ ಮಾಡಿದ ಮೇಲೂ ಬಟ್ಟೆ ಹೋಗದಿದ್ದರೆ ಹೊಲಿಗೆಯ ಉದ್ದ ಹೊಂದಿಸುವ ಹಿಡಿ ಸೊನ್ನೆಯಲ್ಲಿದೆಯೇ ನೋಡಬೇಕು, ಆಮೇಲೆ ಫುಟ್ ಒತ್ತುವ ಮೇಲಿನ ಸ್ಕ್ರೂ ತೀರಾ ಸಡಿಲವಾಗಿದೆಯೇ ನೋಡಬೇಕು.

ಇನ್ನು ಶಟಲ್. ಈ ಮಿಷನ್ನಿನ ಜೀವ ಇರುವುದು ಅಲ್ಲಿ, ತಪ್ಪು ಜೋಡಣೆ ಆಗುವುದೂ ಅಲ್ಲೇ. ಬಿಚ್ಚುವಾಗ ಚಕ್ರ ತಿರುಗಿಸಿ ಸೂಜಿ ಕಂಬವನ್ನು ಪೂರ್ತಿ ಮೇಲಕ್ಕೆ ತಂದುಕೊಳ್ಳಬೇಕು. ಎರಡು ಪಕ್ಕದ ಚಿಲಕಗಳನ್ನು ಹೊರಕ್ಕೆ ಸರಿಸಿದರೆ ಉಂಗುರದಂಥ ಮುಚ್ಚಳ ಕೈಗೆ ಬರುತ್ತದೆ, ಅದರ ಹಿಂದೆ ಶಟಲ್. ಶಟಲ್ ಬರುವ ಗೂಡಿನಲ್ಲಿ ಒಂದು ಅರ್ಧಚಂದ್ರ ಉಳಿದುಕೊಳ್ಳುತ್ತದೆ, ಅದೇ ಶಟಲನ್ನು ಆಡಿಸುವ ಭಾಗ. ಶಟಲ್ ಇನ್ನೊಂದು ಅರ್ಧಚಂದ್ರ. ವಾಪಸು ಕೂರಿಸುವಾಗ ನಡುವಿನ ಮೊಳೆ ಹಿಡಿದು ಇಟ್ಟರೆ ಎರಡು ಅರ್ಧ ಸೇರಿ ಪೂರ್ಣ ಚಂದ್ರ ಆಗಬೇಕು. ಆಗದಿದ್ದರೆ ತಲೆಕೆಳಗಾಗಿದೆ ಎಂದೇ ತಿಳಿಯಿರಿ. ಉಂಗುರದ ನುಣುಪು ಮುಖ ಹೊರಕ್ಕೆ ಬರುವಂತೆ ಮುಚ್ಚಿ ಚಿಲಕ ಒತ್ತಿದರೆ 'ಟಕ್' ಅನ್ನುತ್ತದೆ. ಮೊದಲ ಸಲ ಬಿಚ್ಚುವವರು ಮೊಬೈಲಿನಲ್ಲಿ ಹೆಜ್ಜೆಹೆಜ್ಜೆಗೂ ಒಂದು ಫೋಟೊ ತೆಗೆದಿಟ್ಟುಕೊಂಡರೆ ಧೈರ್ಯ.

ಶಟಲಿನ ಕೊಕ್ಕಿನ ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಹಳೆಯ ನೈಲಾನ್ ಕಾಲುಚೀಲವನ್ನು ಅದರ ಮೇಲೆ ಎಳೆದಾಗ ಎಳೆ ಕಿತ್ತು ಬಂತು. ತುದಿಯಲ್ಲಿ ಕಣ್ಣಿಗೆ ಕಾಣದ ಮುಳ್ಳು ಎದ್ದಿತ್ತು. ಸೂಜಿ ಸೊಟ್ಟಗಾಗಿ ಕೊಕ್ಕಿಗೆ ತಾಗಿದಾಗ ಹೀಗಾಗುತ್ತದೆ, ಆಮೇಲೆ ಎಷ್ಟು ಒಳ್ಳೆಯ ದಾರ ಹಾಕಿದರೂ ಸವೆದು ತುಂಡಾಗುತ್ತದೆ. ಅದೇ ವಾಟರ್ ಪೇಪರಿನಲ್ಲಿ ತುದಿಯ ಕಡೆಗೆ ನಾಲ್ಕೇ ಸಲ ಸವರಿದ ಮೇಲೆ ಕಾಲುಚೀಲ ಜಾರಿಹೋಯಿತು. ಹೆಚ್ಚು ಉಜ್ಜಬಾರದು. ಕೊಕ್ಕು ಮೊಂಡಾದರೆ ದಾರ ಹಿಡಿಯುವುದಿಲ್ಲ, ಹೊಸ ಶಟಲ್ಲೇ ತರಬೇಕಾಗುತ್ತದೆ. ಗೂಡಿನ ಅಂಚು ಒರೆಸಿ ಒಂದೇ ಹನಿ ಎಣ್ಣೆ ಬಿಟ್ಟು ಜೋಡಿಸಿದೆ.

ಮೂರನೇ ಮಧ್ಯಾಹ್ನ ಸೂಜಿ ಮತ್ತು ದಾರ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿಯವರು ಒಮ್ಮೆ ಹೇಳಿದ ಮಾತು ನೆನಪಿದೆ: "ಅಕ್ಕಾ, ಮೊದಲು ಸೂಜಿ ಬದಲಿಸಿ ನೋಡಿ. ಆಮೇಲೂ ಸರಿಯಾಗದಿದ್ದರೆ ಮಿಷನ್ ತನ್ನಿ." ಹೊಲಿಗೆ ಬಿಟ್ಟು ಬಿಟ್ಟು ಬೀಳುವುದಕ್ಕೆ, ದಾರ ಹರಿಯುವುದಕ್ಕೆ, ಬಟ್ಟೆ ಸುಕ್ಕಾಗುವುದಕ್ಕೆ ಸೂಜಿಯೇ ಮೊದಲ ಕಾರಣ. ಮಳೆಗಾಲದಲ್ಲಿ ಮಿಷನ್ನಿನಲ್ಲೇ ಉಳಿದ ಸೂಜಿಗೆ ಕಣ್ಣಿನ ಒಳಗೇ ತುಕ್ಕು ಬಂದಿರುತ್ತದೆ. ಅದನ್ನು ಒರೆಸಿ ಬಳಸುವ ಉಳಿತಾಯ ಬೇಡ. ಹೊಸದೂ ನೆಟ್ಟಗಿದೆಯೇ ನೋಡಲು ಚಪ್ಪಟೆ ಬದಿಯನ್ನು ಕನ್ನಡಿ ಮೇಲೆ ಇಟ್ಟು ಪಕ್ಕದಿಂದ ನೋಡಿ. ಸೂಜಿಗೂ ಕನ್ನಡಿಗೂ ನಡುವಿನ ಸಂದು ತುದಿಯವರೆಗೆ ಒಂದೇ ಸಮ ಇರಬೇಕು.

ನಂಬರುಗಳು ಹೀಗೆ: ರವಿಕೆಯ ತೆಳು ವಾಯಿಲ್, ರೇಷ್ಮೆಗೆ 11, ಮಾಮೂಲು ಹತ್ತಿ ಬಟ್ಟೆ, ಶರ್ಟು, ಲಂಗಕ್ಕೆ 14, ಪ್ಯಾಂಟು, ದಪ್ಪ ಪರದೆಗೆ 16, ಜೀನ್ಸ್, ಚೀಲಕ್ಕೆ 18. ಪೊಟ್ಟಣದ ಮೇಲೆ ಜೊತೆಗೆ 75, 90, 100, 110 ಅಂತಲೂ ಇರುತ್ತದೆ. ಅದು ಸೂಜಿಯ ದಪ್ಪ, ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕ. 90 ಅಂದರೆ 0.9 ಮಿಲಿಮೀಟರ್.

ಯಾವ ಕಡೆ ಮುಖ ಮಾಡಿ ಕೂರಿಸಬೇಕು ಅನ್ನುವ ಗೊಂದಲಕ್ಕೆ ಎಲ್ಲ ಮಿಷನ್ನಿಗೂ ಸಲ್ಲುವ ಒಂದು ಗುರುತಿದೆ. ಸೂಜಿಯ ಒಂದು ಬದಿಯಲ್ಲಿ ಬುಡದಿಂದ ಕಣ್ಣಿನವರೆಗೆ ಉದ್ದ ಕಾಲುವೆ ಇರುತ್ತದೆ. ಇನ್ನೊಂದು ಬದಿಯಲ್ಲಿ, ಕಣ್ಣಿನ ಮೇಲೆ ಚಿಕ್ಕ ತಗ್ಗು. ದಾರ ಕಾಲುವೆ ಇರುವ ಕಡೆಯಿಂದಲೇ ಕಣ್ಣಿನೊಳಗೆ ಹೋಗಬೇಕು, ತಗ್ಗು ಶಟಲಿನ ಕೊಕ್ಕು ಹಾದುಹೋಗುವ ಕಡೆಗಿರಬೇಕು. ಸೂಜಿ ಬಟ್ಟೆಯೊಳಗೆ ಇಳಿಯುವಾಗ ದಾರ ಕಾಲುವೆಯಲ್ಲಿ ಅಡಗಿ ಉಜ್ಜದೆ ಹೋಗುತ್ತದೆ. ಮೇಲೇಳುವಾಗ ತಗ್ಗಿನ ಕಡೆ ದಾರ ಚಿಕ್ಕ ಕುಣಿಕೆಯಾಗಿ ಉಬ್ಬುತ್ತದೆ, ಕೊಕ್ಕು ಆ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ದಾಟಿಸುತ್ತದೆ. ಎಲಿಯಾಸ್ ಹೋವ್ 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಮಿಷನ್ನಿನಲ್ಲೂ ಕಣ್ಣು ತುದಿಯಲ್ಲಿತ್ತು, ಕೆಳಗೊಂದು ಶಟಲ್ ಇತ್ತು. ಈಗ ನಾವು ತುಳಿಯುವುದೂ ಅದೇ ತತ್ತ್ವದ ಮೇಲೆ. ಕುಣಿಕೆ ಯಾಕೆ ಬೇಕು ಅಂತ ಒಮ್ಮೆ ಅರ್ಥವಾದರೆ, ಸೂಜಿ ತಿರುಗುಮುರುಗಾದಾಗ ಒಂದು ಹೊಲಿಗೆಯೂ ಬೀಳದಿರುವುದು ಆಶ್ಚರ್ಯ ಅನ್ನಿಸುವುದಿಲ್ಲ. ಸೂಜಿಯನ್ನು ಪೂರ್ತಿ ಮೇಲಕ್ಕೆ ತಾಗುವವರೆಗೆ ಒತ್ತಿಯೇ ಸ್ಕ್ರೂ ಬಿಗಿ ಮಾಡಬೇಕು. ಎರಡು ಮಿಲಿಮೀಟರ್ ಕೆಳಗಿಳಿದಿದ್ದರೂ ಕೊಕ್ಕಿಗೆ ಕುಣಿಕೆ ಸಿಗುವುದಿಲ್ಲ.

ದಾರ ಪೋಣಿಸುವಾಗ ಫುಟ್ ಮೇಲೆತ್ತಿರಬೇಕು. ಈ ಒಂದು ಮಾತನ್ನು ಮಿಷನ್ನಿನ ಮೇಲೆ ಬರೆದು ಅಂಟಿಸಬೇಕು ಅನ್ನಿಸುತ್ತದೆ. ಫುಟ್ ಕೆಳಗಿದ್ದರೆ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ಅವುಗಳ ನಡುವೆ ಹೋಗದೆ ಮೇಲೇ ಕೂರುತ್ತದೆ. ಆಗ ಬಟ್ಟೆಯ ಅಡಿಯಲ್ಲಿ ಹಕ್ಕಿಗೂಡಿನ ಹಾಗೆ ದಾರ ಗೋಜಲಾಗುತ್ತದೆ. ನೋಡಿದವರೆಲ್ಲ ಕೆಳಗಿನ ಬಾಬಿನ್ನನ್ನು ಬೈಯುತ್ತಾರೆ. ತಪ್ಪು ಮೇಲಿನ ದಾರದ್ದು. ಪೋಣಿಸಿದ ಮೇಲೆ ಫುಟ್ ಎತ್ತಿ ದಾರ ಎಳೆದರೆ ಸಲೀಸಾಗಿ ಬರಬೇಕು, ಫುಟ್ ಇಳಿಸಿ ಎಳೆದರೆ ಬಿಗಿಯಾಗಬೇಕು. ವ್ಯತ್ಯಾಸವೇ ಇಲ್ಲದಿದ್ದರೆ ಬಿಲ್ಲೆಗಳ ನಡುವೆ ಕಸ ಇದೆ. ನನಗೆ ಇದೇ ಆಯಿತು. ಫುಟ್ ಎತ್ತಿಕೊಂಡು ಬಿಲ್ಲೆಗಳ ಸಂದಿನಲ್ಲಿ ತೆಳು ಹತ್ತಿ ಬಟ್ಟೆಯ ಪಟ್ಟಿ ಹಿಂದೆಮುಂದೆ ಎಳೆದಾಗ ಅಕ್ಕಿಕಾಳಿನಷ್ಟು ನೂಲಿನ ಗಂಟು ಹೊರಬಿತ್ತು.

ಬಾಬಿನ್ ಅಂಚಿನವರೆಗೆ ತುಂಬಬಾರದು, ತುಸು ಕಡಿಮೆಯೇ ಇರಲಿ. ಸುತ್ತು ಸಮ ಇಲ್ಲದೆ ಒಂದು ಕಡೆ ಗುಡ್ಡೆಯಾದರೆ ಹೊಲಿಗೆಯೂ ಬಿಗಿ ಸಡಿಲ ಆಗುತ್ತದೆ. ಕೇಸಿನೊಳಗೆ ಹಾಕುವಾಗ ಬಾಬಿನ್ ಮುಖ ನಮ್ಮ ಕಡೆ ಇಟ್ಟು ದಾರ ಎಳೆದರೆ ಅದು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತಬೇಕು. ದಾರ ಸೀಳಿನೊಳಗೆ ಹೋಗಿ, ಹಿಂದಕ್ಕೆ ಮಡಿಚಿ, ತಗಡಿನ ಸ್ಪ್ರಿಂಗಿನ ಕೆಳಗೆ ಬರುತ್ತದೆ. ಬಿಗಿತ ನೋಡಲು ದಾರ ಹಿಡಿದು ಕೇಸನ್ನು ತೂಗಾಡಿಸಿದೆ. ತನ್ನಷ್ಟಕ್ಕೆ ಸರ್ರನೆ ಇಳಿದರೆ ಸಡಿಲ. ಕೈ ಕುಲುಕಿದರೂ ಜಗ್ಗದಿದ್ದರೆ ಬಿಗಿ. ಕುಲುಕಿದಾಗ ಎರಡು ಬೆರಳಷ್ಟು ಇಳಿದು ನಿಂತರೆ ಸರಿ. ಬದಲಿಸಬೇಕಾದರೆ ಸ್ಪ್ರಿಂಗಿನ ಮೇಲಿನ ಎರಡು ಸ್ಕ್ರೂಗಳಲ್ಲಿ ದೊಡ್ಡದನ್ನು, ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಮಾತ್ರ. ಊಟದ ತಟ್ಟೆಯೊಳಗೆ ಇಟ್ಟುಕೊಂಡೇ ಮಾಡಿ. ಆ ಸ್ಕ್ರೂ ಸಾಸಿವೆ ಕಾಳಿನಷ್ಟು, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ.

ಪರೀಕ್ಷೆಗೆ ಮೇಲೆ ಕೆಂಪು, ಕೆಳಗೆ ಬಿಳಿ ದಾರ ಹಾಕಿ, ಎರಡು ಮಡಿಕೆ ಹಳೆ ಪಂಚೆಯ ಮೇಲೆ ಒಂದು ಗೇಣು ಹೊಲಿದೆ. ಚಕ್ರದ ಮೇಲ್ಭಾಗವನ್ನು ನಮ್ಮ ಕಡೆಗೇ ಎಳೆದು ಶುರುಮಾಡಬೇಕು, ಹಿಂದಕ್ಕೆ ತಿರುಗಿದರೆ ದಾರ ಶಟಲಿಗೆ ಸುತ್ತಿಕೊಳ್ಳುತ್ತದೆ. ಮೊದಲ ಎರಡು ಹೊಲಿಗೆಗೆ ಎರಡೂ ದಾರದ ತುದಿಗಳನ್ನು ಹಿಂದಕ್ಕೆ ಹಿಡಿದಿರಬೇಕು. ಬಟ್ಟೆಯ ಅಡಿಯಲ್ಲಿ ಕೆಂಪು ಚುಕ್ಕೆಗಳು ಸಾಲಾಗಿ ಕಂಡವು: ಮೇಲಿನ ಟೆನ್ಷನ್ ಸಡಿಲ. ಟೆನ್ಷನ್ ಗುಬಟವನ್ನು ಅರ್ಧ ಸುತ್ತು ಬಿಗಿ ಮಾಡಿ ಮತ್ತೊಂದು ಗೇಣು. ಚುಕ್ಕೆ ಕಡಿಮೆಯಾಯಿತು. ಮತ್ತೆ ಕಾಲು ಸುತ್ತು. ಈಗ ಮೇಲೆ ಕೆಂಪು ಮಾತ್ರ, ಅಡಿಯಲ್ಲಿ ಬಿಳಿ ಮಾತ್ರ. ಗಂಟು ಎರಡು ಬಟ್ಟೆಯ ನಡುವೆ ಅಡಗಿದೆ. ಮೇಲೆ ಬಿಳಿ ಕಂಡಿದ್ದರೆ ಸಡಿಲ ಮಾಡಬೇಕಿತ್ತು. ಹೊಲಿಗೆ ಎಣಿಸಿದರೆ ಇಂಚಿಗೆ ಹತ್ತು, ಅಂದರೆ ಒಂದೊಂದು ಎರಡೂವರೆ ಮಿಲಿಮೀಟರ್. ಮಾಮೂಲು ಬಟ್ಟೆಗೆ ಅದೇ ಸರಿ.

ಇಷ್ಟಾದರೂ ನಡುವೆ ಒಂದು ತೊಂದರೆ ಬಂತು. ಬಾಬಿನ್ ಸುತ್ತಿದ ಮೇಲೆ ಚಕ್ರದ ನಡುವಿನ ತಿರುಗಣೆ ಎಷ್ಟು ಬಿಗಿ ಮಾಡಿದರೂ ಚಕ್ರ ಮಾತ್ರ ಓಡುತ್ತದೆ, ಸೂಜಿ ಅಲ್ಲಾಡುವುದಿಲ್ಲ. ಚೊಕ್ಕ ಮಾಡುವಾಗ ಅದರ ಒಳಗಿನ ಕಿವಿಯುಳ್ಳ ವಾಷರ್ ತೆಗೆದಿದ್ದೆ. ಅದನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಿದಾಗ ಹಿಡಿತ ಬಂತು. ಹಾಕುವಾಗ ಎರಡು ಬಗೆಯಲ್ಲೂ ಕೂರುತ್ತದೆ, ಒಂದರಲ್ಲಿ ಮಾತ್ರ ಬಿಗಿಯಾಗುತ್ತದೆ.

ಚರ್ಮದ ಬೆಲ್ಟ್ ಶೀತಕ್ಕೆ ಸಡಿಲವಾಗಿ ಜಾರುತ್ತಿತ್ತು. ಕೊಂಡಿ ಬಿಚ್ಚಿ ಅರ್ಧ ಇಂಚು ಕತ್ತರಿಸಿ, ದಬ್ಬಣದಲ್ಲಿ ಹೊಸ ತೂತು ಮಾಡಿ ಕೊಂಡಿ ಸಿಕ್ಕಿಸಿದೆ. ಬೇಸಿಗೆಯಲ್ಲಿ ಚರ್ಮ ಮತ್ತೆ ಬಿಗಿಯುತ್ತದೆ, ಆದ್ದರಿಂದ ಒಂದೇ ಸಲ ಒಂದು ಇಂಚು ಕತ್ತರಿಸಬಾರದು. ಬೆಲ್ಟ್ ತೀರಾ ಬಿಗಿಯಾದರೆ ಪೆಡಲ್ ಭಾರವಾಗುತ್ತದೆ, ಎಣ್ಣೆ ಬಿಟ್ಟರೂ ಹಗುರಾಗುವುದಿಲ್ಲ.

ಎಲ್ಲ ಸರಿಯಿದ್ದೂ ಹೊಲಿಗೆ ಬಿಡುತ್ತಿದ್ದರೆ ಮಾತ್ರ ಟೈಮಿಂಗ್, ಅಂದರೆ ಸೂಜಿಗೂ ಕೊಕ್ಕಿಗೂ ಇರುವ ಹೊಂದಾಣಿಕೆಯ ಬಗ್ಗೆ ಯೋಚಿಸಬೇಕು. ತಗಡು ತೆಗೆದು, ಸೂಜಿ ತೀರಾ ಕೆಳಗಿಳಿದು ಎರಡು ಮಿಲಿಮೀಟರಿಗೆ ತುಸು ಹೆಚ್ಚು ಮೇಲೆದ್ದಾಗ ಕೊಕ್ಕಿನ ತುದಿ ಸೂಜಿಯ ಕಣ್ಣಿಗಿಂತ ಸ್ವಲ್ಪ ಮೇಲೆ, ತಗ್ಗಿನ ಎದುರಿಗೆ ಬಂದಿದೆಯೇ ನೋಡಿ. ಸೂಜಿಗೂ ಕೊಕ್ಕಿಗೂ ನಡುವೆ ಒಂದು ಹಾಳೆಯಷ್ಟು ಸಂದು, ತಾಗಬಾರದು. ಅದು ತಪ್ಪಿದ್ದರೆ ಮೆಕ್ಯಾನಿಕ್‌ಗೆ ಕೊಡುವುದೇ ಲೇಸು. ಅಲ್ಲಿನ ಸ್ಕ್ರೂ ಒಂದು ಸಡಿಲಿಸಿದರೆ ಇನ್ನೊಂದು ಅಳತೆ ತಪ್ಪುತ್ತದೆ.

ಜೀನ್ಸ್ ಕಾಲು ಮಡಚುವಾಗ ಪಕ್ಕದ ಹೊಲಿಗೆಯ ದಪ್ಪ ಬರುವಲ್ಲಿ ಫುಟ್ ಮುಂದೆ ಎದ್ದು ಸೂಜಿ ಮುರಿಯುತ್ತದೆ. ಆ ದಪ್ಪ ಜಾಗವನ್ನು ಕಲ್ಲುಗುಂಡಿನಿಂದ ಬಡಿದು ಚಪ್ಪಟೆ ಮಾಡಿ, ಫುಟ್‌ನ ಹಿಂಭಾಗದ ಕೆಳಗೆ ಅಷ್ಟೇ ದಪ್ಪದ ಮಡಿಚಿದ ಬಟ್ಟೆ ಕೊಟ್ಟು ಸಮ ಮಾಡಿ, ಆ ನಾಲ್ಕು ಹೊಲಿಗೆ ಕೈಯಿಂದಲೇ ಚಕ್ರ ತಿರುಗಿಸಿ ದಾಟಿಸಿದೆ. 18ರ ಸೂಜಿ ಹಾಗೇ ಉಳಿಯಿತು.

ಮುಂದಿನ ಮಳೆಗಾಲಕ್ಕೆ ಮಾಡಿಕೊಂಡ ಏರ್ಪಾಡು ಇಷ್ಟು. ಹೊರಗೋಡೆ ಪಕ್ಕದಿಂದ ಮಿಷನ್ನನ್ನು ನಡುಮನೆಗೆ ತಂದದ್ದಾಯಿತು. ಪ್ಲಾಸ್ಟಿಕ್ ಹೊದಿಕೆ ಒಳಗಿನ ಶೀತವನ್ನು ಹೊರಗೆ ಬಿಡುವುದಿಲ್ಲ, ಅದನ್ನು ತೆಗೆದು ಹತ್ತಿ ಬಟ್ಟೆ ಹೊದಿಸಿದೆ. ಸೂಜಿ, ಬಾಬಿನ್, ದಾರ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಜೊತೆಗೆ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ. ಬೂಷ್ಟು ಹಿಡಿದ ಹತ್ತಿ ದಾರ ಕೈಯಲ್ಲಿ ಎಳೆದರೇ ತುಂಡಾಗುತ್ತಿತ್ತು, ಅದನ್ನು ಹೂ ಕಟ್ಟಲು ಎತ್ತಿಟ್ಟೆ. ಕೆಲಸವಿರಲಿ ಬಿಡಲಿ, ವಾರಕ್ಕೊಮ್ಮೆ ಐದು ನಿಮಿಷ ತುಳಿಯುವುದು. ತಿಂಗಳಿಗೊಮ್ಮೆ ಶಟಲ್ ಗೂಡಿಗೆ ಒಂದು ಹನಿ.

ಫುಟ್ ಕೆಳಗೆ ಮಡಚಿಟ್ಟ ಪಂಚೆಯ ಮೇಲೆ ಎಣ್ಣೆ ಚುಕ್ಕೆ ಎರಡನೇ ರಾತ್ರಿಗೆ ಕಡಿಮೆಯಾಗಿ ಮೂರನೆಯ ರಾತ್ರಿಗೆ ನಿಂತಿತು. ಮಾರನೇ ಬೆಳಿಗ್ಗೆ ಯೂನಿಫಾರ್ಮಿನ ಬಿಳಿ ಶರ್ಟಿನ ಕಂಕುಳ ಹರಿದದ್ದನ್ನು ಧೈರ್ಯವಾಗಿ ಫುಟ್ ಕೆಳಗಿಟ್ಟೆ.